ಅಂಗಡಿಗೂ ಮನೆಗೂ ಕಂಪ್ಯೂಟರ್ ನೋಡಿಕೊಳ್ಳುವ ನಂಬಿಕಸ್ಥರು ಬೇಕು, ಹೇಗೆ ಆರಿಸುವುದು?

ತೀರ್ಥಹಳ್ಳಿ_ಹಾರ್ಡ್‌ವೇರ್

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಲ್ಲಿ ನಮ್ಮದು ಪೇಂಟ್, ಪೈಪು, ಸಿಮೆಂಟಿನ ಅಂಗಡಿ. ಬಿಲ್ಲಿಂಗ್‌ಗೆ, ಲೆಕ್ಕಕ್ಕೆ, ಗೋಡೌನಿಗೆ ಒಂದೊಂದು ಕಂಪ್ಯೂಟರ್. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಇದೆ, ಪ್ರಿಂಟರ್ ಇದೆ, ಸಿಸಿ ಕ್ಯಾಮೆರಾ ಇದೆ. ಮನೆಯಲ್ಲಿ ಮಗಳ ಲ್ಯಾಪ್‌ಟಾಪ್, ಅಪ್ಪನ ಹಳೇ ಡೆಸ್ಕ್‌ಟಾಪ್. ಇಷ್ಟು ವರ್ಷ ಎಲ್ಲವನ್ನೂ ನಮ್ಮೂರಿನ ಹುಡುಗನೊಬ್ಬ ನೋಡಿಕೊಳ್ಳುತ್ತಿದ್ದ. ಫೋನ್ ಮಾಡಿದರೆ ಸಂಜೆಯೊಳಗೆ ಬಂದು ಸರಿ ಮಾಡಿ ಹೋಗುವನು. ಅವನಿಗೆ ಬೆಂಗಳೂರಿನಲ್ಲಿ ಒಳ್ಳೆಯ ಕೆಲಸ ಸಿಕ್ಕಿ ಹೊರಟುಹೋದ.

ಈಗ ಇಬ್ಬರು ಬಂದು ನೋಡಿದ್ದಾರೆ. ಒಬ್ಬರು ಶಿವಮೊಗ್ಗದಲ್ಲಿ ಅಂಗಡಿ ಇಟ್ಟವರು. ವರ್ಷಕ್ಕೆ ಇಂತಿಷ್ಟು ಅಂತ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದ, ಮಾಡಿಕೊಳ್ಳಿ ಅನ್ನುತ್ತಾರೆ. ಇನ್ನೊಬ್ಬರು ಇಲ್ಲೇ ಹತ್ತಿರದವರು, ಒಬ್ಬರೇ ಕೆಲಸ ಮಾಡುತ್ತಾರೆ, ಬಂದಾಗ ಮಾತ್ರ ದುಡ್ಡು. ಇಬ್ಬರೂ ಮೊದಲು ಕೇಳಿದ್ದು ಪಾಸ್‌ವರ್ಡ್‌ಗಳನ್ನು. ಅಂಗಡಿಯ ಇಡೀ ವ್ಯವಹಾರ, ಯಾರಿಂದ ಎಷ್ಟು ಉದ್ರಿ ಬರಬೇಕು, ಮನೆಯ ಫೋಟೋ, ಎಲ್ಲ ಅದರೊಳಗೇ ಇದೆ. ಯಾರನ್ನು ನಂಬುವುದು, ಏನು ಕೇಳುವುದು, ಏನು ಕೊಡಬಾರದು, ತಿಳಿದವರು ಹೇಳಿ.

ಇನ್ನೊಂದು ಪ್ರಶ್ನೆ. ವಿಂಡೋಸ್ 10 ಮುಗಿಯಿತು, ಎಲ್ಲ ಮಷಿನ್ ಬದಲಾಯಿಸಲೇಬೇಕು ಅಂತ ಅವರಲ್ಲೊಬ್ಬರು ಹೇಳಿದರು. ನಿಜವೇ?

ಸ್ಕ್ರೂಡ್ರೈವರ್, ಹಾಸನ

ಸರ್, ನಾನು ಇದೇ ಕೆಲಸ ಮಾಡುವವನು. ಹಾಗಾಗಿ ಎದುರು ಕಡೆಯಿಂದ ಹೇಳುತ್ತೇನೆ.

ಬಂದವರು ಎಷ್ಟು ಬೇಗ ರಿಪೇರಿ ಮಾಡುತ್ತಾರೆ ಅನ್ನುವುದಕ್ಕಿಂತ ಮೊದಲು ಒಂದು ವಿಷಯ ನೋಡಿ: ಈ ಮನುಷ್ಯ ನಾಳೆಯಿಂದ ಬರದೇ ಹೋದರೆ ನಿಮ್ಮ ಅಂಗಡಿ ನಡೆಯುತ್ತದೆಯೇ? ನಿಮ್ಮ ಹಳೇ ಹುಡುಗ ಒಳ್ಳೆಯವನೇ ಇರಬಹುದು. ಆದರೂ ಅವನು ಹೋದ ಮೇಲೆ ನಿಮ್ಮ ಕೈಯಲ್ಲಿ ಏನೇನು ಇದೆ ಅಂತ ಇವತ್ತೇ ಕೂತು ಪರೀಕ್ಷಿಸಿ. ಟ್ಯಾಲಿ ಲೈಸೆನ್ಸ್ ಯಾವ ಇಮೇಲ್ ವಿಳಾಸದಲ್ಲಿ ಆಕ್ಟಿವೇಟ್ ಆಗಿದೆ? ಎಷ್ಟೋ ಅಂಗಡಿಗಳಲ್ಲಿ ಅದು ಹಾಕಿಕೊಟ್ಟವರ ಇಮೇಲ್ ಆಗಿರುತ್ತದೆ. ಮಷಿನ್ ಬದಲಾಯಿಸಿ ಲೈಸೆನ್ಸ್ ಹೊಸದಕ್ಕೆ ತರಬೇಕಾದ ದಿನ ಅದು ಗೊತ್ತಾಗುತ್ತದೆ. ಲೆಕ್ಕಕ್ಕೆ ಬೀಗ ಹಾಕುವ ಟ್ಯಾಲಿ ವಾಲ್ಟ್ ಪಾಸ್‌ವರ್ಡ್ ಹಾಕಿದ್ದರೆ ಅದು ನಿಮಗೆ ಗೊತ್ತಿರಲೇಬೇಕು. ಮರೆತುಹೋದರೆ ಆ ಕಂಪನಿಯ ಲೆಕ್ಕವನ್ನು ತೆಗೆಯುವ ದಾರಿ ಟ್ಯಾಲಿಯವರ ಹತ್ತಿರವೂ ಇಲ್ಲ.

ಕ್ಯಾಮೆರಾ ದೃಶ್ಯ ದಾಖಲಿಸುವ ಪೆಟ್ಟಿಗೆಯ (ಡಿವಿಆರ್) ಪಾಸ್‌ವರ್ಡ್, ವೈಫೈ ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಕೂಡ ಹೀಗೇ. ಅಂಗಡಿಗೆ ವೆಬ್‌ಸೈಟ್ ಇದ್ದರೆ ಅದರ ಡೊಮೈನ್ (ವೆಬ್ ವಿಳಾಸ) ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ನೋಡಿ. ಮಾಡಿಕೊಟ್ಟವರ ಖಾತೆಯಲ್ಲಿದ್ದರೆ ನವೀಕರಣದ ಸಮಯಕ್ಕೆ ನೀವು ಅವರ ಬೆನ್ನು ಹತ್ತಬೇಕು.

ಬಹಳ ಜನ ಗಮನಿಸದ್ದು ಒಂದಿದೆ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗೆ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ತಕ್ಷಣ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುವುದುಂಟು, ಅಂದರೆ ಕೀ ಇಲ್ಲದೆ ಓದಲಾಗದಂತೆ ಲಾಕ್ ಆಗುತ್ತದೆ. ಅದರ 48 ಅಂಕಿಯ ರಿಕವರಿ ಕೀ ಆ ಖಾತೆಗೇ ಹೋಗಿ ಕೂರುತ್ತದೆ. ಮಗಳ ಲ್ಯಾಪ್‌ಟಾಪನ್ನು ಅಂಗಡಿಯ ಹುಡುಗ ಸುಲಭಕ್ಕೆ ಅಂತ ತನ್ನದೇ ಖಾತೆಯಲ್ಲಿ ಸೆಟಪ್ ಮಾಡಿಕೊಟ್ಟಿದ್ದರೆ ಕೀ ಇರುವುದು ಅವನ ಹತ್ತಿರ. ಮುಂದೆ ಬಯೋಸ್ (ಮಷಿನ್ ಶುರು ಮಾಡುವ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಿಯೋ ಮದರ್‌ಬೋರ್ಡ್ ಬದಲಾಗಿಯೋ ನೀಲಿ ಪರದೆ ಬಂದು ಕೀ ಕೇಳಿದಾಗ, ಆ ಹುಡುಗ ಸಿಗದಿದ್ದರೆ ಫೋಟೋ, ಪ್ರಾಜೆಕ್ಟ್ ಎಲ್ಲ ಹೋದ ಹಾಗೆ. ಇದನ್ನು ಮುರಿದು ತೆಗೆಯುವವರು ಯಾರೂ ಇಲ್ಲ. ತೆಗೆದುಕೊಡುತ್ತೇನೆ ಅಂದವರಿಗೆ ದುಡ್ಡು ಕೊಡಬೇಡಿ.

ಆದ್ದರಿಂದ ಮೊದಲ ಸಲ ಬಂದವರಿಗೆ ಇಷ್ಟು ಹೇಳಿ: "ಎಲ್ಲ ಖಾತೆಯೂ ನನ್ನ ಇಮೇಲ್, ನನ್ನ ಮೊಬೈಲ್ ನಂಬರಿನಲ್ಲೇ ಇರಬೇಕು. ಮಾಡಿದ ಕೆಲಸವನ್ನು ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟು ಹೋಗಬೇಕು." ಒಳ್ಳೆಯವರು ಖುಷಿಯಿಂದ ಒಪ್ಪುತ್ತಾರೆ, ಅವರಿಗೂ ಮುಂದಿನ ಸಲ ಕೆಲಸ ಸುಲಭ. ಮುಖ ಗಂಟು ಹಾಕಿಕೊಂಡರೆ ಅಲ್ಲಿಗೇ ಉತ್ತರ ಸಿಕ್ಕಿತು.

ಹುಬ್ಬಳ್ಳಿ_ಜವಳಿಸಾಲು

ಸರ್ ಹೇಳಿದ್ದು ಖರೇ ಐತ್ರಿ. ನಾನು ಬ್ಯಾಕಪ್ ಬಗ್ಗೆ ಒಂದೆರಡು ಮಾತು ಹೇಳ್ತೀನಿ.

ನಮ್ಮ ಬಾಜೂ ಅಂಗಡ್ಯಾಗ ಆದದ್ದು. ಒಂದಿನ ಮುಂಜಾನೆ ಬಂದು ಕಂಪ್ಯೂಟರ್ ಚಾಲೂ ಮಾಡ್ತಾರ, ಎಲ್ಲಾ ಫೈಲಿನ ಹೆಸರು ಬದಲಾಗ್ಯಾವ, ಒಂದೂ ತೆರೀವಲ್ದು. ಡೆಸ್ಕ್‌ಟಾಪ್ ಮ್ಯಾಲೆ ಇಂಗ್ಲಿಷ್‌ನಾಗ ಒಂದು ಚೀಟಿ, ಬಿಟ್‌ಕಾಯಿನ್‌ನಾಗ ರೊಕ್ಕ ಕೊಟ್ರ ಕೀಲಿ ಕೊಡ್ತೀವಿ ಅಂತ. ರ‍್ಯಾನ್ಸಮ್‌ವೇರ್ ಅಂತಾರಲ್ಲ, ಅದು. ಅಣ್ಣಾವ್ರು ಧೈರ್ಯದಾಗಿದ್ರು, ಬ್ಯಾಕಪ್ ಐತಿ ಅಂತ. ಆ ಬ್ಯಾಕಪ್ ಇದ್ದದ್ದು ಅದೇ ಕಂಪ್ಯೂಟರಿಗೆ ಹಗಲೂ ರಾತ್ರಿ ಸಿಗಿಸಿಟ್ಟ ಎಕ್ಸ್‌ಟರ್ನಲ್ ಡಿಸ್ಕಿನ್ಯಾಗ. ಅದೂ ಹಂಗ ಲಾಕ್ ಆಗಿತ್ತು.

ಹೆಂಗ ಒಳಗ ಬಂತು ಅಂತ ಆಮ್ಯಾಲೆ ತಿಳೀತು. ಮಾಲಕರಿಗೆ ಮನಿಯಿಂದ ಟ್ಯಾಲಿ ನೋಡಬೇಕಾಗಿತ್ತು. ಕಂಪ್ಯೂಟರಿನವ್ರು ರೌಟರ್‌ನಾಗ ದೂರದಿಂದ ಕಂಪ್ಯೂಟರ್ ನಡಸೂ ರಿಮೋಟ್ ಡೆಸ್ಕ್‌ಟಾಪ್‌ನ 3389 ಪೋರ್ಟ್ (ಒಳಗ ಬರೂ ಬಾಗಿಲಾ) ಸೀದಾ ಇಂಟರ್ನೆಟ್ಟಿಗೆ ತೆರೆದಿಟ್ಟು, ಪಾಸ್‌ವರ್ಡ್ ಅಂಗಡಿ ಹೆಸರ ಇಟ್ಟು ಹೋಗಿದ್ರು. ಇಂಥಾ ತೆರೆದ ಬಾಗಿಲಾ ಹುಡುಕೂದ ಆ ಕಳ್ಳರ ದಿನದ ಕೆಲಸ. ನಿಮ್ಮ ಹೊಸಬ್ರಿಗೆ ಇದೊಂದು ಕೇಳ್ರಿ: "ನಾ ಮನಿಯಿಂದ ನೋಡಬೇಕಂದ್ರ ಹೆಂಗ ಮಾಡ್ತೀರಿ?" ಪೋರ್ಟ್ ತೆರೀತೀನಿ ಅಂದ್ರ ಬ್ಯಾಡ್ರಿ. ವಿಪಿಎನ್ (ಇಂಟರ್ನೆಟ್ಟಿನ್ಯಾಗ ಗುಪ್ತ ದಾರಿ) ಹಾಕೂನು ಇಲ್ಲಾ ಟ್ಯಾಲಿಯೊಳಗಿಂದು ಸವಲತ್ತ ಬಳಸೂನು ಅಂದ್ರ ಮಾತು ಮುಂದುವರಿಸ್ರಿ.

ಬ್ಯಾಕಪ್ ಅಂದ್ರ ಮೂರು ಪ್ರತಿ, ಎರಡು ಥರದ ಸಾಧನ, ಒಂದು ಪ್ರತಿ ಅಂಗಡಿ ಹೊರಗ. ನಾವು ಎರಡು ಡಿಸ್ಕ್ ಇಟ್ಟೀವಿ. ಒಂದು ಅಂಗಡ್ಯಾಗ, ಒಂದು ಮನ್ಯಾಗ, ವಾರಕ್ಕೊಮ್ಮೆ ಅದಲು ಬದಲು. ಬ್ಯಾಕಪ್ ಆದಕೂಡ್ಲೆ ಕೇಬಲ್ ತೆಗೀತೀವಿ. ಮತ್ತ ಮೂರು ತಿಂಗಳಿಗೊಮ್ಮೆ ಬ್ಯಾಕಪ್‌ನಿಂದ ಬ್ಯಾರೆ ಕಂಪ್ಯೂಟರ್‌ನಾಗ ಲೆಕ್ಕ ತೆರೆದು ತೋರಸ್ರಿ ಅಂತ ನಮ್ಮ ಕಡೆ ಬರವ್ರಿಗೆ ಹೇಳೀನಿ. ಅವ್ರ ಮುಂದ ತೆರೀತಾರ, ನಾ ಹಿಂದಿನ ದಿನದ ಕೊನೀ ಬಿಲ್ ನಂಬರ್ ತಾಳೆ ಹಾಕ್ತೀನಿ. ತೆರೆದು ನೋಡದ ಬ್ಯಾಕಪ್ ಇದ್ದೂ ಇಲ್ಲದಂಗ.

ಯಾರಿಗಾರ ಇಂಥದ್ದು ಆಗಿದ್ರ ರೊಕ್ಕ ಕಟ್ಟೂಕ್ಕಿಂತ ಮೊದಲ 'ನೋ ಮೋರ್ ರ‍್ಯಾನ್ಸಮ್' ತಾಣ ನೋಡ್ರಿ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ನೆದರ್ಲೆಂಡ್ಸ್ ಪೊಲೀಸರು ಕೆಲವು ಕಂಪನಿಗಳ ಜೋಡಿ 2016ರಾಗ ಸುರು ಮಾಡಿದ್ದು. ಎಲ್ಲಾದಕ್ಕೂ ಅಲ್ಲ, ಆದ್ರ ಕೆಲವು ಥರದ ರ‍್ಯಾನ್ಸಮ್‌ವೇರಿಗೆ ಬಿಡಿಸೂ ಸಾಫ್ಟ್‌ವೇರ್ ಪುಕ್ಕಟೆ ಸಿಗತಾವ.

ತೀರ್ಥಹಳ್ಳಿ_ಹಾರ್ಡ್‌ವೇರ್

ಇಬ್ಬರಿಗೂ ಧನ್ಯವಾದ. ಇವತ್ತೇ ಕೂತು ನೋಡಿದೆ. ಟ್ಯಾಲಿ ನಮ್ಮದೇ ಇಮೇಲ್‌ನಲ್ಲಿದೆ, ಆ ಹುಡುಗ ಸರಿಯಾಗಿಯೇ ಮಾಡಿದ್ದಾನೆ. ಡಿವಿಆರ್ ಪಾಸ್‌ವರ್ಡನ್ನೂ ಫೋನಿನಲ್ಲಿ ಹೇಳಿದ.

ಒಂದು ಅನುಮಾನ. ಪಾಸ್‌ವರ್ಡ್ ಕೊಡದೆ ಅವರು ಕೆಲಸ ಮಾಡುವುದಾದರೂ ಹೇಗೆ? ಪ್ರತಿ ಸಲ ಪಕ್ಕದಲ್ಲಿ ಕೂರಲು ಅಂಗಡಿಯಲ್ಲಿ ಆಗುವುದಿಲ್ಲ.

ಸ್ಕ್ರೂಡ್ರೈವರ್, ಹಾಸನ

ಅವರಿಗೆ ಬೇಕಾಗುವುದು ವಿಂಡೋಸ್‌ನ ಅಡ್ಮಿನ್ ಪ್ರವೇಶ ಮಾತ್ರ. ಅದಕ್ಕೆ 'ಸರ್ವೀಸ್' ಅಂತ ಬೇರೆ ಖಾತೆಯೊಂದನ್ನು ಮಾಡಿ, ಅದರ ಪಾಸ್‌ವರ್ಡ್ ಕೊಡಿ. ಅವರನ್ನು ಬಿಡಿಸಿದ ದಿನ ಆ ಖಾತೆಯನ್ನು ಅಳಿಸಿದರಾಯಿತು. ನಿಮ್ಮ ಹುಡುಗರು ದಿನಾ ಬಿಲ್ ಹಾಕುವ ಖಾತೆಗೆ ಅಡ್ಮಿನ್ ಅಧಿಕಾರ ಬೇಡವೇ ಬೇಡ. ಎಷ್ಟೋ ವೈರಸ್ ತಕರಾರು ಅಲ್ಲಿಗೇ ನಿಲ್ಲುತ್ತದೆ. ಅಡ್ಮಿನ್ ಇದ್ದವರು ಮಷಿನ್ ಒಳಗೆ ಏನನ್ನೂ ನೋಡಬಲ್ಲರು ಅನ್ನುವುದು ತಲೆಯಲ್ಲಿರಲಿ. ಅದಕ್ಕೇ ಆ ಖಾತೆಯನ್ನು ಕೊಡುವ ಮುಂಚೆ ಮನುಷ್ಯನನ್ನು ನೋಡಬೇಕಾದದ್ದು.

ಬ್ಯಾಂಕಿನ ಪಾಸ್‌ವರ್ಡ್, ಓಟಿಪಿ, ಯುಪಿಐ ಪಿನ್ ಯಾರಿಗೂ ಕೊಡಬೇಡಿ, ನನ್ನಂಥವರಿಗೂ ಕೊಡಬೇಡಿ. ರಿಪೇರಿಗೆ ಅವುಗಳ ಅಗತ್ಯ ಯಾವತ್ತೂ ಬರುವುದಿಲ್ಲ. ಬ್ರೌಸರ್‌ನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಸೇವ್ ಆಗಿದ್ದರೆ ತೆಗೆದುಬಿಡಿ. ಡಿಜಿಟಲ್ ಸಹಿಯ ಟೋಕನ್ ಪೆನ್‌ಡ್ರೈವ್‌ನಂತೆ ಸದಾ ಸಿಪಿಯುಗೆ ಸಿಗಿಸಿರುವುದನ್ನು ಎಷ್ಟೋ ಕಡೆ ನೋಡಿದ್ದೇನೆ, ಪಿನ್ ಅದರ ಮೇಲೇ ಚೀಟಿ ಅಂಟಿಸಿ ಬರೆದಿರುತ್ತದೆ. ಅದು ನಿಮ್ಮ ಸಹಿ. ಬೀರುವಿನಲ್ಲಿರಲಿ.

ಲೆಕ್ಕಪತ್ರ, ದಾವಣಗೆರೆ

ಡಿಜಿಟಲ್ ಸಹಿಯ ಮಾತು ಬಂತು ಅಂತ ಸೇರಿಸುತ್ತೇನೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಂದಾಯಿತ ಮೊಬೈಲ್ ಮತ್ತು ಇಮೇಲ್ ಯಾರದ್ದು ಅಂತಲೂ ನೋಡಿಕೊಳ್ಳಿ. ನಾವು ಲೆಕ್ಕ ನೋಡುವವರು ಅನುಕೂಲಕ್ಕೆ ಅಂತ ನಮ್ಮದನ್ನೇ ಹಾಕಿಬಿಡುವ ರೂಢಿ ಬಹಳ ಇದೆ. ಅದು ಸರಿಯಲ್ಲ, ಮಾಲೀಕರದ್ದೇ ಇರಬೇಕು.

ಎಎಂಸಿ ಬಗ್ಗೆ: ಎರಡು ಬಗೆ ಇವೆ. ಕಾಂಪ್ರಹೆನ್ಸಿವ್ ಅಂದರೆ ಬಿಡಿಭಾಗವೂ ಸೇರಿ, ನಾನ್-ಕಾಂಪ್ರಹೆನ್ಸಿವ್ ಅಂದರೆ ಕೆಲಸದ ಕೂಲಿ ಮಾತ್ರ, ಭಾಗಕ್ಕೆ ಬೇರೆ ದುಡ್ಡು. ಕಾಂಪ್ರಹೆನ್ಸಿವ್ ಅಂದರೂ ಯುಪಿಎಸ್ ಬ್ಯಾಟರಿ, ಪ್ರಿಂಟರ್ ಹೆಡ್, ಟೋನರ್ ಸಾಮಾನ್ಯವಾಗಿ ಸೇರಿರುವುದಿಲ್ಲ, ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ದೂರು ಕೊಟ್ಟ ಎಷ್ಟು ಗಂಟೆಯೊಳಗೆ ಬರುತ್ತಾರೆ, ಮಷಿನ್ ಒಯ್ದರೆ ಬದಲಿ ಕೊಡುತ್ತಾರೆಯೇ, ನಡುವೆ ಬಿಟ್ಟರೆ ಉಳಿದ ತಿಂಗಳ ಹಣ ವಾಪಸೇ, ಈ ಮೂರೂ ಕಾಗದದಲ್ಲಿ ಬರಲಿ. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಮಳೆಗಾಲದಲ್ಲಿ ಅದೇ ದಿನ ಬರುತ್ತಾರೆಯೇ ಅನ್ನುವುದು ನಿಮ್ಮ ಮಟ್ಟಿಗೆ ದೊಡ್ಡ ಪ್ರಶ್ನೆ.

ಕಾಗದಕ್ಕೆ ಇಷ್ಟು ಒತ್ತು ಕೊಡುವುದಕ್ಕೆ ಕಾರಣವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಮನೆಯ ಲ್ಯಾಪ್‌ಟಾಪ್ ರಿಪೇರಿಗೆ ಅನ್ವಯಿಸುತ್ತದೆ, ಕೆಲಸ ಕೆಡಿಸಿದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ವಾಣಿಜ್ಯ ಉದ್ದೇಶಕ್ಕೆ ಪಡೆದ ಸೇವೆಯನ್ನು ಆ ಕಾಯ್ದೆ ಹೊರಗಿಟ್ಟಿದೆ. ಅಂಗಡಿಯ ವಿಷಯದಲ್ಲಿ ನಿಮಗೆ ಆಸರೆ ಒಪ್ಪಂದದ ಕಾಗದವೇ. ಗ್ರಾಹಕರ ಮಾಹಿತಿಯನ್ನು ಹೊರಗೆ ಕೊಡುವುದಿಲ್ಲ ಅನ್ನುವ ಒಂದು ಸಾಲು ಅದರಲ್ಲಿರಲಿ. ಒಪ್ಪಂದದ ಮೇರೆಗೆ ಕೈಗೆ ಬಂದ ವೈಯಕ್ತಿಕ ಮಾಹಿತಿಯನ್ನು ಕೆಡುಕಿನ ಉದ್ದೇಶದಿಂದ ಬಯಲು ಮಾಡಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 72ಎ ಕಲಮಿನಲ್ಲಿ 3 ವರ್ಷದವರೆಗೆ ಜೈಲು ಇದೆ. ಆ ಸಾಲು ಇದ್ದರೆ ಕಲಂ ಹಚ್ಚುವುದು ಸುಲಭ.

ಕಡಲತೀರದಾಕೆ, ಕುಂದಾಪುರ

ಮಗಳ ಲ್ಯಾಪ್‌ಟಾಪ್ ಇದೆ ಅಂದಿರಲ್ಲ ಅಣ್ಣ, ಅದಕ್ಕೇ ಬರೆಯುತ್ತಿದ್ದೇನೆ. ಹೆಣ್ಣುಮಕ್ಕಳ ಲ್ಯಾಪ್‌ಟಾಪ್, ಫೋನು ರಿಪೇರಿಗೆ ಕೊಡುವಾಗಿನ ಭಯ ಇಲ್ಲಿ ಯಾರೂ ಎತ್ತಲಿಲ್ಲ.

ಇದು ಬರೀ ಭಯ ಅಲ್ಲ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದವರು 2022ರಲ್ಲಿ ಒಂದು ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ಲ್ಯಾಪ್‌ಟಾಪ್‌ನಲ್ಲಿ ಏನೇನು ತೆರೆದರು ಅನ್ನುವುದನ್ನು ಗುಟ್ಟಾಗಿ ದಾಖಲಿಸುವ ವ್ಯವಸ್ಥೆ ಮಾಡಿ, ಸಣ್ಣದೊಂದು ತೊಂದರೆಯ ನೆಪದಲ್ಲಿ ರಿಪೇರಿ ಅಂಗಡಿಗಳಿಗೆ ಕೊಟ್ಟರು. ಆರು ಕಡೆ ತಂತ್ರಜ್ಞರು ವೈಯಕ್ತಿಕ ಫೈಲ್‌ಗಳನ್ನು ತೆರೆದು ನೋಡಿದ್ದರು, ಅದರಲ್ಲಿ ಎರಡು ಕಡೆ ತಮ್ಮ ಸಾಧನಕ್ಕೆ ಕಾಪಿ ಕೂಡ ಮಾಡಿಕೊಂಡಿದ್ದರು. ಹೆಂಗಸರದ್ದು ಅಂತ ಕೊಟ್ಟ ಲ್ಯಾಪ್‌ಟಾಪ್‌ಗಳಲ್ಲೇ ಇದು ಹೆಚ್ಚು. ಅಲ್ಲಿ ಆಗುವುದು ಇಲ್ಲಿ ಆಗುವುದಿಲ್ಲ ಅಂದುಕೊಳ್ಳಲು ಕಾರಣ ಇಲ್ಲ.

ಸ್ಕ್ರೀನ್, ಕೀಬೋರ್ಡ್, ಹಿಂಜ್, ಬ್ಯಾಟರಿ ಬದಲಾಯಿಸಲು ನಿಮ್ಮ ಪಾಸ್‌ವರ್ಡ್ ಬೇಕಾಗುವುದೇ ಇಲ್ಲ. ಕೇಳಿದರೆ "ಯಾಕೆ ಬೇಕು" ಅಂತ ಧೈರ್ಯವಾಗಿ ಕೇಳಿ. ಪರೀಕ್ಷಿಸಿ ನೋಡಲು ಬೇಕಂದರೆ ಬೇರೆ ಖಾಲಿ ಖಾತೆ ಮಾಡಿಕೊಡಿ, ಅಡ್ಮಿನ್ ಅಧಿಕಾರ ಇಲ್ಲದ್ದು. ನಮ್ಮಲ್ಲಿಗೆ ಬರುವವರು ಮನೆಯ ಜಗಲಿಯಲ್ಲೇ ಕೂತು ಎದುರಿಗೇ ಬಿಚ್ಚುತ್ತಾರೆ. ಒಯ್ಯಲೇಬೇಕಾದಾಗ ಎಸ್‌ಎಸ್‌ಡಿ (ಫೈಲ್‌ಗಳಿರುವ ಡಿಸ್ಕ್) ಕಳಚಿ ನನ್ನ ಕೈಗೆ ಕೊಟ್ಟು ಒಯ್ಯುತ್ತಾರೆ. ಮೊದಲ ಸಲ ನಾನು ಕೇಳುವ ಮೊದಲೇ ಅವರೇ ಕಳಚಿ ಕೊಟ್ಟರು. ಅವತ್ತಿನಿಂದ ಬೇರೆಯವರನ್ನು ಹುಡುಕಿಲ್ಲ. ಅಕ್ಕಪಕ್ಕದ ಮನೆಗಳಿಗೂ ಅವರನ್ನೇ ಹೇಳಿದ್ದೇನೆ.

ಮಗಳಿಗೂ ಈ ವಿಷಯ ಹೇಳಿ. ಲ್ಯಾಪ್‌ಟಾಪ್ ಅವಳದ್ದು, ಯಾರಿಗೆ ಕೊಡಬೇಕು ಅನ್ನುವುದರಲ್ಲಿ ಅವಳ ಮಾತು ನಡೆಯಲಿ.

ಎಸ್‌ಪಿ_ರೋಡ್_ಓಡಾಟ, ಬೆಂಗಳೂರು

ಒಯ್ಯಲು ಬಿಡುವುದಾದರೆ ಒಂದು ಸಣ್ಣ ಕೆಲಸ. ರ‍್ಯಾಮ್ ಎಷ್ಟು, ಡಿಸ್ಕ್ ಯಾವ ಕಂಪನಿಯದ್ದು ಎಷ್ಟು ಜಿಬಿ, ಸೀರಿಯಲ್ ನಂಬರ್ ಏನು, ಫೋಟೋ ತೆಗೆದಿಟ್ಟುಕೊಳ್ಳಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಅಷ್ಟಿಷ್ಟು ಸಿಗುತ್ತದೆ. ಬದಲಾಯಿಸಿದ ಹಳೇ ಭಾಗ ವಾಪಸ್ ಕೇಳಿ ತಗೊಳ್ಳಿ. ಹೊಸ ಭಾಗದ ಬಿಲ್ ನಿಮ್ಮ ಹೆಸರಲ್ಲೇ ಇರಲಿ, ವಾರಂಟಿ ನಡೆಯುವುದು ಆ ಬಿಲ್ ಮೇಲೆ.

ದೂರದ_ಮಗ, ನ್ಯೂಜೆರ್ಸಿ

ಅಪ್ಪ ಅಮ್ಮ ಮೈಸೂರಿನಲ್ಲಿ ಇಬ್ಬರೇ ಇದ್ದಾರೆ. ಇಬ್ಬರಿಗೂ ಎಪ್ಪತ್ತು ದಾಟಿದೆ. ನಮ್ಮಂಥವರಿಗೆ ಊರಿನಲ್ಲಿ ಒಬ್ಬ ಒಳ್ಳೆಯ ಕಂಪ್ಯೂಟರ್ ಹುಡುಗ ಸಿಕ್ಕರೆ ಅದಕ್ಕಿಂತ ದೊಡ್ಡ ಸಹಾಯ ಇಲ್ಲ.

ಯಾಕೆಂದರೆ ಕೆಟ್ಟವರು ಮನೆ ಬಾಗಿಲಿಗೆ ಬರಬೇಕಾಗಿಯೇ ಇಲ್ಲ. ಪತ್ರಿಕೆ ಓದುವಾಗ ಅಪ್ಪನ ಪರದೆ ತುಂಬ ಕೆಂಪು ಎಚ್ಚರಿಕೆ, ಕೂಗುವ ಸದ್ದು, "ಈ ನಂಬರಿಗೆ ಕರೆ ಮಾಡಿ" ಅಂತ. ಅಪ್ಪ ಕರೆ ಮಾಡುವ ಬದಲು ನನಗೆ ಫೋನ್ ಮಾಡಿದರು, ಇಲ್ಲಿ ಆಗ ನಡುರಾತ್ರಿ. ಬಟನ್ ಒತ್ತಿ ಹಿಡಿದು ಆಫ್ ಮಾಡಿ ಅಂದೆ, ಅಷ್ಟಕ್ಕೇ ಮುಗಿಯಿತು. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಗಳಲ್ಲಿ ಯಾವತ್ತೂ ಫೋನ್ ನಂಬರ್ ಹಾಕುವುದಿಲ್ಲ. ನಂಬರ್ ಇದ್ದರೆ ಅದು ಮೋಸ, ಇಷ್ಟನ್ನು ಹಿರಿಯರಿಗೆ ಕಲಿಸಿದರೆ ಸಾಕು. ಗೂಗಲ್‌ನಲ್ಲಿ "ಪ್ರಿಂಟರ್ ಕಸ್ಟಮರ್ ಕೇರ್" ಅಂತ ಹುಡುಕಿ ಮೊದಲು ಸಿಕ್ಕಿದ ನಂಬರಿಗೆ ಕರೆ ಮಾಡುವುದೂ ಅಷ್ಟೇ ಅಪಾಯ.

ಅವರು ಮುಂದೆ ಮಾಡಿಸುವುದು ದೂರದಿಂದ ಕಂಪ್ಯೂಟರ್ ನಡೆಸುವ ಎನಿಡೆಸ್ಕ್, ಟೀಮ್‌ವ್ಯೂವರ್ ಥರದ ಆ್ಯಪ್ ಹಾಕಿಸುವುದು. ಎನಿಡೆಸ್ಕ್ ಬಳಸಿ ಖಾತೆ ಖಾಲಿ ಮಾಡುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಆ ಆ್ಯಪ್‌ಗಳು ಕೆಟ್ಟವಲ್ಲ, ನಾನೂ ಅದನ್ನೇ ಬಳಸಿ ಅಪ್ಪನಿಗೆ ಸಹಾಯ ಮಾಡುತ್ತೇನೆ. ನಮ್ಮ ಮನೆಯ ಕ್ರಮ ಹೀಗಿದೆ: ಕರೆ ನಾವು ಮಾಡಿರಬೇಕು, ಬಂದ ಕರೆಗೆ ಇಲ್ಲ. ಕೆಲಸ ಮುಗಿದ ಮೇಲೆ ಆ್ಯಪ್ ಮುಚ್ಚಬೇಕು. ಯಾರೂ ಇಲ್ಲದಾಗ ಒಳಗೆ ಬರುವ ಅನ್‌ಅಟೆಂಡೆಡ್ ಪಾಸ್‌ವರ್ಡ್ ಇಡಬಾರದು. ಈಗ ನೋಡಿಕೊಳ್ಳುವ ಹುಡುಗನಿಗೆ ಇದನ್ನು ಹೇಳಿದಾಗ "ಸರ್, ನಿಮ್ಮ ತಂದೆಯವರು ಓಕೆ ಒತ್ತಿದರೆ ಮಾತ್ರ ನಾನು ಬರುತ್ತೇನೆ, ಹಾಗೇ ಇಟ್ಟಿದ್ದೇನೆ" ಅಂದ. ಅವನು ಬಂದರೆ ಅಮ್ಮ ಕಾಫಿ ಕೊಡುತ್ತಾರೆ, ಅಪ್ಪ ಒಂದೇ ಪ್ರಶ್ನೆಯನ್ನು ಹತ್ತು ಸಲ ಕೇಳುತ್ತಾರೆ. ಅವನು ಬೇಸರಿಸದೆ ಹತ್ತು ಸಲವೂ ಹೇಳುತ್ತಾನೆ, ಮೌಸ್ ತಾನು ಹಿಡಿಯದೆ ಅಪ್ಪನ ಕೈಯಲ್ಲೇ ಮಾಡಿಸುತ್ತಾನೆ. ಸ್ನೇಹಪರತೆ ಅಂದರೆ ಇದು ಅಂತ ನನ್ನ ಅನಿಸಿಕೆ.

ದುಡ್ಡು ಹೋದದ್ದು ಗೊತ್ತಾದರೆ ಒಂದು ನಿಮಿಷವೂ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಜೊತೆಗೇ ಬ್ಯಾಂಕಿಗೂ ತಿಳಿಸಿ. ಹಣ ಕೈ ಬದಲಾಯಿಸುವ ಮೊದಲೇ ತಡೆಹಿಡಿಯುವುದು ಸಾಧ್ಯ.

ಡಿಐವೈ_ದರ್ಶನ್

ಇಷ್ಟೆಲ್ಲ ತಲೆನೋವು ಯಾಕೆ? ಯೂಟ್ಯೂಬ್ ನೋಡಿ ನೀವೇ ಮಾಡ್ಕೊಳ್ಳಿ. ಲೈಸೆನ್ಸ್ ಇಲ್ಲದೆ ನಡೆಸೋ ವಿಂಡೋಸ್ ಕ್ರ್ಯಾಕ್ ಕೂಡ ಫ್ರೀ ಸಿಗತ್ತೆ, ಎರಡು ನಿಮಿಷದ ಕೆಲಸ.

ಸ್ಕ್ರೂಡ್ರೈವರ್, ಹಾಸನ

ದರ್ಶನ್ ಅವರೇ, ಕಲಿತು ಮಾಡಿಕೊಳ್ಳುವುದು ಒಳ್ಳೆಯದೇ. ಕ್ರ್ಯಾಕ್ ವಿಷಯ ಮಾತ್ರ ಒಪ್ಪಲಾರೆ. ಆ ಆಕ್ಟಿವೇಟರ್‌ಗಳು ಮೊದಲು ಹೇಳುವುದೇ "ಆ್ಯಂಟಿವೈರಸ್ ಆಫ್ ಮಾಡಿ" ಅಂತ. ಅದರೊಳಗೆ ಇನ್ನೇನು ಸೇರಿಸಿದ್ದಾರೋ ಹಾಕುವವರಿಗೂ ತಿಳಿದಿರುವುದಿಲ್ಲ. ಜನರ ಲೆಕ್ಕ, ಬ್ಯಾಂಕು ಇರುವ ಮಷಿನ್‌ಗೆ ಅದನ್ನು ಹಾಕುವುದು ತಪ್ಪು. ಕಡಿಮೆ ದುಡ್ಡಿಗೆ ವಿಂಡೋಸ್, ಆಫೀಸ್ ಎಲ್ಲ ಹಾಕಿಕೊಡುತ್ತೇನೆ ಅನ್ನುವವರ ಹತ್ತಿರ ಬಿಲ್ ಮತ್ತು ಲೈಸೆನ್ಸ್ ಕೇಳಿದರೆ ಅವರ ಬಣ್ಣ ಗೊತ್ತಾಗುತ್ತದೆ. ಲೈಸೆನ್ಸಿಗೆ ದುಡ್ಡಿಲ್ಲದಿದ್ದರೆ ಲಿಬ್ರೆ ಆಫೀಸ್ ಇದೆ, ಉಚಿತ, ಕಾನೂನುಬದ್ಧ.

ತೀರ್ಥಹಳ್ಳಿ ಸರ್, ವಿಂಡೋಸ್ 10ರ ಪ್ರಶ್ನೆಗೆ ಉತ್ತರ ಬಾಕಿ ಇತ್ತು. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲಿ ಭದ್ರತಾ ಅಪ್‌ಡೇಟ್ ನಿಂತಿದ್ದು ನಿಜ. ಎಲ್ಲ ಮಷಿನ್ ಎಸೆಯಬೇಕು ಅನ್ನುವುದು ನಿಜವಲ್ಲ. ಇಂಟೆಲ್ 8ನೇ ಜನರೇಶನ್ ಅಥವಾ ನಂತರದ ಪ್ರೊಸೆಸರ್, ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇದ್ದರೆ ವಿಂಡೋಸ್ 11 ಉಚಿತವಾಗಿ ಹಾಕಬಹುದು. ಎಷ್ಟೋ ಮಷಿನ್‌ನಲ್ಲಿ ಟಿಪಿಎಂ ಇದ್ದೂ ಬಯೋಸ್‌ನಲ್ಲಿ ಆಫ್ ಆಗಿರುತ್ತದೆ, ಆನ್ ಮಾಡಿದರೆ ಮುಗಿಯಿತು. ಮೈಕ್ರೋಸಾಫ್ಟ್‌ನ ಪಿಸಿ ಹೆಲ್ತ್ ಚೆಕ್ ಆ್ಯಪ್ ಹಾಕಿ ಒಂದೊಂದಾಗಿ ನೋಡಲಿ. ಆಗದ ಮನೆಯ ಮಷಿನ್‌ಗೆ ಹೆಚ್ಚುವರಿ ಅಪ್‌ಡೇಟ್‌ಗೆ ಹೆಸರು ಹಚ್ಚಿದರೆ 2026ರ ಅಕ್ಟೋಬರ್ 13ರವರೆಗೆ ಭದ್ರತೆ ಸಿಗುತ್ತದೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ನಿಮ್ಮ ತಂದೆಯವರು ಪತ್ರಿಕೆ, ಯೂಟ್ಯೂಬ್ ಅಷ್ಟೇ ನೋಡುವುದಾದರೆ ಹಳೇ ಡೆಸ್ಕ್‌ಟಾಪ್‌ಗೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಹಾಕಿಸಿ, ಕನ್ನಡ ಚೆನ್ನಾಗಿ ಕಾಣುತ್ತದೆ. ಟ್ಯಾಲಿ ಮಷಿನ್‌ಗೆ ಮಾತ್ರ ಲಿನಕ್ಸ್ ಬೇಡ.

ಮಷಿನ್ ಒಳಗೆ ನೋಡದೆಯೇ "ಎಲ್ಲ ಬದಲಾಯಿಸಿ" ಅಂದವರಿಗೂ, ಏನೇ ತೊಂದರೆ ಹೇಳಿದರೂ "ಫಾರ್ಮ್ಯಾಟ್ ಹೊಡೀಬೇಕು ಸರ್" ಅನ್ನುವವರಿಗೂ ಕೆಲಸ ಕೊಡಬೇಡಿ. ವೈದ್ಯರು ನಾಡಿ ಹಿಡಿಯದೆ ಔಷಧ ಬರೆದಂತೆ ಅದು. ಡಿಸ್ಕ್ ಆರೋಗ್ಯ ನೋಡಿದಿರಾ, ಯಾವ ಪ್ರೋಗ್ರಾಂ ನಿಧಾನ ಮಾಡುತ್ತಿದೆ ಅಂತ ಕೇಳಿ. ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ ಮೊದಲು ಆಫ್ ಮಾಡಿ, ಡೇಟಾ ಬೇಕು ಅಂತ ಹೇಳಿ. ಅಂಥ ಡಿಸ್ಕನ್ನು ಮತ್ತೆ ಮತ್ತೆ ಆನ್ ಮಾಡಿ ನೋಡಿದಷ್ಟೂ ಒಳಗಿನದು ಹಾಳಾಗುತ್ತದೆ.

ಅಚ್ಚುಮನೆ, ಚಿತ್ರದುರ್ಗ

ಫಾರ್ಮ್ಯಾಟ್ ಮಾತು ಬಂದದ್ದಕ್ಕೆ. ನಮ್ಮದು ಪ್ರಿಂಟಿಂಗ್ ಪ್ರೆಸ್. ಕನ್ನಡದಲ್ಲಿ ಕೆಲಸ ಮಾಡುವವರು ಯಾರನ್ನೇ ಕರೆಸಿದರೂ ಮೊದಲು ಕೇಳಬೇಕಾದ್ದು, "ನಿಮಗೆ ನುಡಿ, ಬರಹ ಗೊತ್ತಾ?" ಅಂತ. ಇವು ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್‌ಗಳು.

ಹಳೆಯ ಆಮಂತ್ರಣ, ಕರಪತ್ರ, ಸೊಸೈಟಿ ವರದಿ ಎಲ್ಲ ನುಡಿಯ ಹಳೇ ಫಾಂಟ್‌ನಲ್ಲಿ ಟೈಪ್ ಆದವು, ಈಗ ಎಲ್ಲ ಕಡೆ ಬಳಸುವ ಯೂನಿಕೋಡ್ ಅಲ್ಲ. ಹೊಸ ವಿಂಡೋಸ್ ಹಾಕಿ ಆ ಫಾಂಟ್ ಹಾಕದಿದ್ದರೆ ಇಡೀ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಗೊತ್ತಿಲ್ಲದವರು "ಫೈಲ್ ಕರಪ್ಟ್ ಆಗಿದೆ" ಅಂತ ಅಳಿಸಿಯೂಬಿಡುತ್ತಾರೆ! ನಮ್ಮ ಪರಿಚಯದ ಸಹಕಾರ ಸಂಘವೊಂದರಲ್ಲಿ ವಾರ್ಷಿಕ ಸಭೆಯ ಹಿಂದಿನ ದಿನ ಇಂಥದ್ದಾಗಿ, ಗುಮಾಸ್ತರು ಕಣ್ಣೀರು ಹಾಕುವುದೊಂದು ಬಾಕಿ. ಕನ್ನಡ ಗಣಕ ಪರಿಷತ್ತಿನ ನುಡಿ ಹಾಕಿ 'ನುಡಿ 01 ಇ' ಫಾಂಟ್ ಬಂದ ಕೂಡಲೇ ಎಲ್ಲ ಅಕ್ಷರ ಮೊದಲಿನಂತೆ ಆದವು.

ಫಾರ್ಮ್ಯಾಟ್ ಮಾಡುವ ಮುಂಚೆ ವಿಂಡೋಸ್‌ನ ಫಾಂಟ್ಸ್ ಫೋಲ್ಡರ್ ಇಡಿಯಾಗಿ ಕಾಪಿ ಮಾಡಿಸಿ ಇಟ್ಟುಕೊಳ್ಳಿ. ಪ್ರಿಂಟರ್ ಡ್ರೈವರ್ ಹೋದರೆ ಮತ್ತೆ ಸಿಗುತ್ತದೆ, ಎಂದೋ ಕೊಂಡ ಫಾಂಟ್ ಸಿಗುವುದು ಕಷ್ಟ.

ಮಲ್ನಾಡ್_ಮಳೆ, ಕೊಪ್ಪ

ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಸಿಡಿಲು ಮರೆಯಬೇಡಿ. ಬಂದವರು ಅರ್ಥಿಂಗ್ ಸರಿ ಇದೆಯಾ ಅಂತ ನೋಡಿದರೆ ಕೆಲಸ ಬಲ್ಲವರು. ಕರೆಂಟಿನ ಪ್ಲಗ್ ತೆಗೆದರೂ ರೌಟರ್‌ನಿಂದ ಬರುವ ಲ್ಯಾನ್ ಕೇಬಲ್ ಬಿಟ್ಟಿರುತ್ತಾರೆ. ಫೈಬರ್ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ರೌಟರ್‌ನ ಅಡಾಪ್ಟರ್, ತಾಮ್ರದ ಲ್ಯಾನ್ ವೈರ್, ಮಾಡಿನ ಮೇಲಿನ ಕ್ಯಾಮೆರಾದ ವೈರ್ ಮೂಲಕ ಮದರ್‌ಬೋರ್ಡಿಗೆ ಬಂದೇ ಬರುತ್ತದೆ. ಗುಡುಗು ಶುರುವಾದರೆ ಎಲ್ಲ ಬಿಚ್ಚಿ.

ಸ್ಕ್ರೂಡ್ರೈವರ್, ಹಾಸನ

ದುಡ್ಡಿನ ಬಗ್ಗೆ ನಮ್ಮ ಕಡೆಯಿಂದ ಒಂದು ಮಾತು ಹೇಳಲೇಬೇಕು. ನಮ್ಮ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಒಂದು ಗಂಟೆ ಕೂತು ಕಾರಣ ಹುಡುಕಿ ಕೊನೆಗೆ ಒಂದು ಸೆಟ್ಟಿಂಗ್ ಬದಲಾಯಿಸಿದರೆ "ಇಷ್ಟೇನಾ, ಇದಕ್ಕೂ ದುಡ್ಡಾ" ಅನ್ನುತ್ತಾರೆ. ಹೊಸ ಭಾಗ ಹಾಕಿದರೆ ಮಾತ್ರ ಕೊಡಲು ಮನಸ್ಸು ಬರುತ್ತದೆ. ಜನ ಹೀಗಿದ್ದರೆ ತಂತ್ರಜ್ಞರು ಅಗತ್ಯವಿಲ್ಲದ ಭಾಗ ಮಾರುವ ದಾರಿ ಹಿಡಿಯುತ್ತಾರೆ. ನೋಡಿ ಹೇಳುವುದಕ್ಕೇ ಒಂದು ಶುಲ್ಕ ಗೊತ್ತು ಮಾಡಿಕೊಂಡು ಸಂತೋಷದಿಂದ ಕೊಡಿ. ಆಗ "ಇದಕ್ಕೆ ಏನೂ ಬದಲಾಯಿಸುವುದು ಬೇಡ" ಅಂತ ಹೇಳಿದರೂ ಅವರ ಹೊಟ್ಟೆ ತುಂಬುತ್ತದೆ. ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ "ಒಂದು ಸಣ್ಣ ಡೌಟ್" ಅನ್ನುವುದೂ ಕೆಲಸವೇ.

ತೀರ್ಥಹಳ್ಳಿ_ಹಾರ್ಡ್‌ವೇರ್

ಎಲ್ಲರ ಮಾತೂ ಓದಿದೆ, ಮನೆಯವರಿಗೂ ಓದಿ ಹೇಳಿದೆ. ಆಮೇಲೆ ಇಬ್ಬರಿಗೂ ಅದೇ ಪ್ರಶ್ನೆಗಳನ್ನು ಕೇಳಿದೆ. ಶಿವಮೊಗ್ಗದವರು ನೋಟ್‌ಬುಕ್‌ನಲ್ಲಿ ಬರೆದಿಡುವ ಮಾತಿಗೆ ಒಪ್ಪಿದರು, ಬ್ಯಾಕಪ್ ತೆರೆದು ತೋರಿಸುವುದು ಎಎಂಸಿಯಲ್ಲಿ ಬರುವುದಿಲ್ಲ ಅಂದರು. ಇಲ್ಲಿನವರು ಪಿಸಿ ಹೆಲ್ತ್ ಚೆಕ್ ಹಾಕಿ ನೋಡಿದರು. ಅಂಗಡಿಯ ಎರಡು ಮಷಿನ್‌ಗೆ ವಿಂಡೋಸ್ 11 ಹಾಕಬಹುದಂತೆ, ಗೋಡೌನಿನದ್ದು ಮಾತ್ರ ಹಳತು. ಬಿಲ್ಲಿಂಗ್ ಮಷಿನ್ ನಿಧಾನ ಇರುವುದು ಹಳೇ ಹಾರ್ಡ್‌ಡಿಸ್ಕಿನಿಂದ, ಎಸ್‌ಎಸ್‌ಡಿ ಹಾಕಿದರೆ ಸಾಕು ಅಂದರು. ತಮಗೆ ಕ್ಯಾಮೆರಾ ಕೆಲಸ ಅಷ್ಟಾಗಿ ಬರುವುದಿಲ್ಲ, ಅದಕ್ಕೆ ಬೇರೆಯವರನ್ನು ಕರೆಸಿ ಅಂತ ಅವರೇ ಹೇಳಿದರು. ಆ ಮಾತು ನನಗೆ ಹಿಡಿಸಿತು.

ಈಗ ಬಿಲ್ಲಿಂಗ್ ಮಷಿನ್ ಒಂದನ್ನೇ ಕೊಟ್ಟಿದ್ದೇನೆ, ಭಾನುವಾರ ಅಂಗಡಿಯಲ್ಲೇ ಕೂತು ಮಾಡುತ್ತಾರೆ. ಚೆನ್ನಾಗಿ ಆದರೆ ಉಳಿದದ್ದೂ ಅವರಿಗೇ. ಒಪ್ಪಂದ ಒಂದು ಪುಟದಲ್ಲಿ ಬರೆದುಕೊಳ್ಳೋಣ ಅಂದದ್ದಕ್ಕೆ ಒಪ್ಪಿದ್ದಾರೆ. ಮಗಳ ಲ್ಯಾಪ್‌ಟಾಪ್ ಅವಳೇ ನಿರ್ಧರಿಸಲಿ ಅಂತ ಬಿಟ್ಟಿದ್ದೇನೆ ಅಕ್ಕ. ರಿಕವರಿ ಕೀ ಅವಳ ಖಾತೆಯಲ್ಲೇ ಇತ್ತು, ಕಾಗದದಲ್ಲಿ ಬರೆದಿಟ್ಟುಕೊಂಡಳು.

ಕೊನೆಯದೊಂದು ಪ್ರಶ್ನೆ: ತೆಗೆದ ಹಳೇ ಹಾರ್ಡ್‌ಡಿಸ್ಕ್ ಏನು ಮಾಡುವುದು? ಫಾರ್ಮ್ಯಾಟ್ ಮಾಡಿ ಗುಜರಿಗೆ ಹಾಕಬಹುದೇ?

ಸ್ಕ್ರೂಡ್ರೈವರ್, ಹಾಸನ

ಗುಜರಿಗೆ ಬೇಡ ಸರ್. ಕ್ವಿಕ್ ಫಾರ್ಮ್ಯಾಟ್ ಮಾಡಿದರೆ ಫೈಲ್‌ಗಳ ಪಟ್ಟಿ ಮಾತ್ರ ಹೋಗುತ್ತದೆ, ಒಳಗಿನ ಲೆಕ್ಕ ಹಾಗೇ ಇರುತ್ತದೆ. ಉಚಿತ ರಿಕವರಿ ಸಾಫ್ಟ್‌ವೇರ್‌ನಲ್ಲೇ ಮತ್ತೆ ತೆಗೆಯಬಹುದು.

ಎಸ್‌ಎಸ್‌ಡಿ ಹಾಕಿದ ಮೇಲೆ ಹಳೇ ಡಿಸ್ಕನ್ನು ಏನೂ ಮಾಡದೆ ದಿನಾಂಕ ಬರೆದು ಒಂದೆರಡು ತಿಂಗಳು ಬೀರುವಿನಲ್ಲಿಡಿ. ಯಾವುದಾದರೂ ಫೋಲ್ಡರ್ ಬಿಟ್ಟುಹೋಗಿದ್ದರೆ ಆಗ ಗೊತ್ತಾಗುತ್ತದೆ. ಒಂದು ಜಿಎಸ್‌ಟಿ ರಿಟರ್ನ್ ಆ ಹೊಸ ಡಿಸ್ಕಿನಿಂದಲೇ ಸಲ್ಲಿಕೆಯಾಗಲಿ. ಆಮೇಲೆ ಕ್ವಿಕ್ ಅನ್ನುವ ಗುರುತು ತೆಗೆದು ಪೂರ್ತಿ ಫಾರ್ಮ್ಯಾಟ್ ಮಾಡಿಸಿ. ಡಿಸ್ಕಿನ ಉದ್ದಕ್ಕೂ ಸೊನ್ನೆ ಬರೆಯುತ್ತದೆ, ಕೆಲವು ಗಂಟೆ ಹಿಡಿಯುತ್ತದೆ. ನಿಮ್ಮ ಅಂಗಡಿಯಲ್ಲಿ ಡ್ರಿಲ್ ಇದ್ದೇ ಇರುತ್ತದೆ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಡಿಸ್ಕಿನ ಒಳಗಿನ ತಟ್ಟೆಯ ಮೂಲಕ ನಾಲ್ಕು ತೂತು ಹೊಡೆದು ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. ಎಸ್‌ಎಸ್‌ಡಿ ಹಳತಾದಾಗ ಈ ಸೊನ್ನೆ ಬರೆಯುವ ಕ್ರಮ ನಂಬಲರ್ಹವಲ್ಲ, ಅದಕ್ಕೆ ತಯಾರಕರ ಸೆಕ್ಯೂರ್ ಇರೇಸ್ (ಪೂರ್ತಿ ಅಳಿಸುವ ಸವಲತ್ತು) ಬಳಸಬೇಕು. ಅದು ಹಳತಾಗಲು ಇನ್ನೂ ವರ್ಷಗಳಿವೆ ಬಿಡಿ.

ಭಾನುವಾರ ಕೆಲಸ ಶುರು ಮಾಡುವ ಮೊದಲು ಟ್ಯಾಲಿ ಬ್ಯಾಕಪ್ ಒಂದನ್ನು ಬೇರೆ ಪೆನ್‌ಡ್ರೈವ್‌ಗೆ ತೆಗೆದು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಅವರಿಗೆ ಬೇಸರವಾಗುವುದಿಲ್ಲ, ಬಹುಶಃ ಅವರೇ ಹೇಳುತ್ತಾರೆ.